ಹಳೆಯ ಹಂಚಿನ ಮನೆ ಕೊಂಡ ಮೇಲೆ: ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯಲ್ಲಿ ದುರಸ್ತಿ ಮತ್ತು ಒಪ್ಪಓರಣ

ದಕ್ಷಿಣ ಕನ್ನಡದ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ತಾಲೂಕುಗಳಲ್ಲಿ ಐವತ್ತು, ಎಂಬತ್ತು, ನೂರು ವರ್ಷ ಹಳೆಯ ಹಂಚಿನ ಮನೆಗಳು ತೋಟದೊಂದಿಗೋ ಹತ್ತಿಪ್ಪತ್ತು ಸೆಂಟ್ಸ್ ಜಾಗದೊಂದಿಗೋ ಮಾರಾಟಕ್ಕೆ ಬರುತ್ತವೆ. ಮಕ್ಕಳು ಬೆಂಗಳೂರು, ಮುಂಬಯಿ, ಕೊಲ್ಲಿ ದೇಶಗಳಲ್ಲಿ ನೆಲೆಸಿರುತ್ತಾರೆ, ಕುಟುಂಬದ ಪಾಲು ಮುಗಿದಿರುತ್ತದೆ, ಅಷ್ಟು ದೊಡ್ಡ ಮನೆಯಲ್ಲಿ ಹಿರಿಯರಿಬ್ಬರೇ ಇರಲಾಗದು. ಕೊಂಡವರ ಮೊದಲ ಆಲೋಚನೆ ಸಾಮಾನ್ಯವಾಗಿ ಎರಡರಲ್ಲಿ ಒಂದು: ಕೆಡವಿ ತಾರಸಿ ಮನೆ ಕಟ್ಟುವುದು, ಇಲ್ಲವೇ ಒಳಗೆ ಟೈಲ್ಸ್ ಹಾಕಿ ಹೊರಗೆ ಪೈಂಟು ಬಳಿದು ಗೃಹಪ್ರವೇಶ ಮುಗಿಸುವುದು. ಎರಡೂ ಅವಸರದ ನಿರ್ಧಾರಗಳು. ಈ ಮನೆಗಳನ್ನು ಕಟ್ಟಿದವರು ಮಳೆಯನ್ನು ಲೆಕ್ಕ ಹಾಕಿ ಕಟ್ಟಿದ್ದರು. ದುರಸ್ತಿಯೂ ಅದೇ ಲೆಕ್ಕದಲ್ಲಿ ನಡೆಯಬೇಕು: ಮೊದಲು ಮಾಡಿನ ನೀರು, ಆಮೇಲೆ ಗೋಡೆಯ ನೀರು, ನೆಲದ ತೇವ, ಬಾವಿ. ಬಣ್ಣ, ಕಪಾಟು, ಹೊಸ ಅಡುಗೆಮನೆ ಇವೆಲ್ಲ ಕೊನೆಗೆ.

ಯಾವ ಬಗೆಯ ಮನೆ

ಈ ಮೂರು ತಾಲೂಕುಗಳಲ್ಲಿ ಹೆಚ್ಚಾಗಿ ಸಿಗುವುದು ತೋಟದ ಮನೆ. ಎದುರಿಗೆ ಅಂಗಳ, ಜಗಲಿ, ಒಳಗೆ ಚಾವಡಿ, ಅದರ ಬದಿಗೆ ಒಂದೆರಡು ಕತ್ತಲೆ ಕೋಣೆ, ಹಿಂದೆ ಅಡುಗೆಮನೆ, ಮೇಲೆ ಅಟ್ಟ, ಹೊರಗೆ ಬಚ್ಚಲು ಮತ್ತು ಹಟ್ಟಿ. ಗೋಡೆ ಮಣ್ಣಿನದು ಅಥವಾ ಮುರಕಲ್ಲಿನದು. ಈಗ ಹಂಚಿರುವ ಎಷ್ಟೋ ಮಾಡುಗಳ ಮೇಲೆ ಹಿಂದೆ ಮುಳಿಹುಲ್ಲು ಅಥವಾ ಅಡಿಕೆ ಸೋಗೆ ಇತ್ತು.

ಎರಡನೆಯದು ಪೇಟೆಮನೆ. ಬಂಟ್ವಾಳ ಪೇಟೆಯ ತಿರುಮಲ ವೆಂಕಟರಮಣ ದೇವಸ್ಥಾನದ ಆಸುಪಾಸಿನಲ್ಲೂ ಮೂಡುಬಿದಿರೆಯ ಹಳೆ ಬೀದಿಗಳಲ್ಲೂ ಕಾಣುವ, ಮುಂದೆ ಅಂಗಡಿ, ಹಿಂದೆ ಉದ್ದಕ್ಕೆ ಚಾಚಿದ ಮನೆ. ಇಲ್ಲಿ ಪಕ್ಕದ ಮನೆಯವರೊಂದಿಗೆ ಗೋಡೆ ಹಂಚಿಕೊಂಡಿರುವುದುಂಟು. ನಮ್ಮ ಮಾಡಿನ ನೀರು ಯಾರ ಅಂಗಳಕ್ಕೆ ಬೀಳುತ್ತದೆ ಎಂಬುದು ಇಂಥಲ್ಲಿ ದೊಡ್ಡ ವಿಷಯ.

ಮೂರನೆಯದು ಗುತ್ತು, ಬೀಡು ಬಗೆಯ ದೊಡ್ಡ ಮನೆ: ಮರದ ಮುಚ್ಚಿಗೆ, ಕೆತ್ತನೆಯ ಕಂಬ, ದೈವದ ಚಾವಡಿ. ಇದು ಮಾರಾಟಕ್ಕೆ ಬರುವುದು ಅಪರೂಪ. ಆದರೂ ಮರದ ಕೆಲಸ ಎಷ್ಟು ಮಟ್ಟಿಗೆ ಹೋಗಿತ್ತು ಎಂದು ತಿಳಿಯಲು ಮೂಡುಬಿದಿರೆಯ ಚೌಟರ ಅರಮನೆಯ ಕಂಬಗಳನ್ನು ನೋಡಬೇಕು. ಒಂಬತ್ತು ಹೆಣ್ಣುಗಳ ಆಕೃತಿ ಸೇರಿ ಆನೆಯಾದ ನವನಾರಿ ಕುಂಜರ, ಐವರು ಸೇರಿ ಕುದುರೆಯಾದ ಪಂಚನಾರೀ ತುರಗ ಅಲ್ಲಿವೆ. ಮಾಡಿನ ಜೋಡಣೆಯನ್ನು ಹತ್ತಿರದಿಂದ ನೋಡಲು ಮಂಗಳೂರಿನ ಪಿಲಿಕುಳದ ಗುತ್ತಿನ ಮನೆ ಅನುಕೂಲ. ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಕೆಡವಲು ಹೊರಟ ಮನೆಗಳನ್ನು ಬಿಚ್ಚಿ ತಂದು ಮತ್ತೆ ನಿಲ್ಲಿಸಿದ ಹಸ್ತಶಿಲ್ಪ ಪರಂಪರಾ ಗ್ರಾಮವೂ ಇದೆ. ಮನೆ ಕೊಂಡವರು ಮೇಸ್ತ್ರಿಯೊಂದಿಗೆ ಒಂದು ದಿನ ಇವನ್ನು ನೋಡಿ ಬರುವುದು ಹೆಚ್ಚು ಖರ್ಚಿಲ್ಲದ ತರಬೇತಿ.

ಕಾಗದಪತ್ರ

ಹಂಚಿಗೆ ಕೈಹಾಕುವ ಮೊದಲು ಪಹಣಿ, ಋಣಭಾರ ಪತ್ರ, ನಕ್ಷೆ, ಮನೆ ನಂಬ್ರ, ತೆರಿಗೆ ರಶೀದಿ ಒಂದಕ್ಕೊಂದು ಹೊಂದುತ್ತವೆಯೇ ನೋಡಬೇಕು. ಗ್ರಾಮ ಪಂಚಾಯತ್ ವ್ಯಾಪ್ತಿಯಲ್ಲಿ ಇ-ಸ್ವತ್ತು ಮೂಲಕ ಕೊಡುವ ನಮೂನೆ 9 ಮತ್ತು 11, ಬಂಟ್ವಾಳ ಮತ್ತು ಮೂಡುಬಿದಿರೆ ಪುರಸಭೆ, ಬೆಳ್ತಂಗಡಿ ಪಟ್ಟಣ ಪಂಚಾಯತ್ ವ್ಯಾಪ್ತಿಯಲ್ಲಿ ಇ-ಖಾತೆ ಬೇಕು. ಹಳೆಯ ಮನೆಗೆ ನಂಬ್ರವಿದ್ದರೂ ಹಟ್ಟಿ, ಹೊರಗಿನ ಬಚ್ಚಲು ದಾಖಲೆಯಲ್ಲಿ ಇರದೇ ಹೋಗಬಹುದು.

ಈ ಜಿಲ್ಲೆಗೇ ವಿಶೇಷವಾದ ಎರಡು ತೊಡಕುಗಳಿವೆ. ಒಂದು ಕುಮ್ಕಿ. ವರ್ಗ (ಪಟ್ಟಾ) ಜಾಗದ ಗಡಿಯಿಂದ 100 ಗಜದೊಳಗಿನ ಸರ್ಕಾರಿ ಜಾಗದಲ್ಲಿ ಸೊಪ್ಪು, ಸೌದೆ ತೆಗೆಯುವ ಸವಲತ್ತು ವರ್ಗದಾರರಿಗೆ ಇದೆ. ಆ ಜಾಗ ಅವರ ಸ್ವಂತದ್ದಲ್ಲ. ಹಟ್ಟಿಯೋ ಗೊಬ್ಬರದ ಗುಂಡಿಯೋ ಬಾವಿಯೋ ಕುಮ್ಕಿಯಲ್ಲಿದ್ದರೆ ಅದನ್ನು ನಂಬಿ ದುರಸ್ತಿಗೆ ಹಣ ಸುರಿಯಬಾರದು. ಇನ್ನೊಂದು ತಾಯಿಯ ಕಡೆಯಿಂದ ಆಸ್ತಿ ಇಳಿಯುವ ಅಳಿಯಸಂತಾನ ಪದ್ಧತಿ. 1949ರ ಮದರಾಸು ಅಳಿಯಸಂತಾನ ಕಾಯ್ದೆಯ ಕಾಲದ ಪಾಲುಪಟ್ಟಿಗಳಲ್ಲಿ ಕವರು (ಕುಟುಂಬದ ಶಾಖೆ), ನಿಸ್ಸಂತತಿ ಕವರು ಎಂಬ ವಿಂಗಡಣೆ ಬರುತ್ತದೆ. ಕೆಲವರಿಗೆ ಸಿಕ್ಕಿದ್ದು ಜೀವಿತಾವಧಿಯ ಹಕ್ಕು ಮಾತ್ರ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದ ಮೇಲೆ ಈ ಹಕ್ಕುಗಳ ಸ್ವರೂಪದ ಬಗ್ಗೆ ಬಹಳಷ್ಟು ವ್ಯಾಜ್ಯ ನಡೆದಿದೆ. ಹಾಗಾಗಿ ಕುಟುಂಬದ ಮನೆ ಕೊಳ್ಳುವವರು ಹಳೆಯ ಪಾಲುಪಟ್ಟಿಯನ್ನು ಇಲ್ಲಿನ ಸಂಪ್ರದಾಯ ಬಲ್ಲ ವಕೀಲರಿಗೇ ತೋರಿಸಬೇಕು. ಮುಂಬಯಿಯಲ್ಲಿರುವ ಒಬ್ಬ ಸೋದರತ್ತೆಯ ಸಹಿ ಬಿಟ್ಟುಹೋದರೂ ಮುಂದೆ ತಕರಾರು ಏಳಬಹುದು.

ಮೊದಲ ಮಳೆಗಾಲ

ಅನುಕೂಲವಿದ್ದರೆ ಮನೆಯನ್ನು ಒಂದು ಪೂರ್ತಿ ಮಳೆಗಾಲ ಹಾಗೆಯೇ ನೋಡಬೇಕು ಎಂಬುದು ನನ್ನ ದೃಢ ಅಭಿಪ್ರಾಯ. ಒಡೆದ ಹಂಚು ಬದಲಿಸಿ, ಬಿದ್ದುಹೋಗುವಂಥದ್ದಕ್ಕೆ ಊರೆ ಕೊಟ್ಟು, ಉಳಿದದ್ದನ್ನು ಮುಟ್ಟದೆ ಬಿಡುವುದು. ಜಿಲ್ಲೆಯಲ್ಲಿ ವರ್ಷಕ್ಕೆ ಸರಾಸರಿ 4000 ಮಿಲಿಮೀಟರಿನ ಆಸುಪಾಸು ಮಳೆ. 1000 ಚದರಡಿಯ ಮಾಡಿನ ಮೇಲೆ ಒಂದು ವರ್ಷದಲ್ಲಿ ಬೀಳುವ ನೀರು ಮೂರೂವರೆ ಲಕ್ಷ ಲೀಟರಿಗೂ ಹೆಚ್ಚು. ಇಷ್ಟು ನೀರು ಯಾವ ದಾರಿಯಲ್ಲಿ ಹೋಗುತ್ತದೆ, ಎಲ್ಲಿ ನಿಲ್ಲುತ್ತದೆ, ಯಾವ ಗೋಡೆಗೆ ಎರಚಲು ಬಡಿಯುತ್ತದೆ ಎಂಬುದನ್ನು ಬೇಸಿಗೆಯಲ್ಲಿ ಊಹಿಸಲಾಗದು. ಆಟಿ ತಿಂಗಳ ಒಂದು ಜಡಿಮಳೆ ಎಲ್ಲವನ್ನೂ ತೋರಿಸಿಕೊಡುತ್ತದೆ. ಸೋರುವ ಜಾಗಕ್ಕೆ ಪಾತ್ರೆ ಇಟ್ಟು, ಆ ಜಾಗದ ನೇರ ಮೇಲಿನ ಪಕ್ಕಾಸಿಗೆ (ಮಾಡಿನ ಇಳಿಜಾರು ಮರಕ್ಕೆ) ಸೀಮೆಸುಣ್ಣದ ಗುರುತು ಹಾಕಿ, ದಿನಾಂಕ ಸಹಿತ ಫೋಟೋ ತೆಗೆದಿಟ್ಟುಕೊಂಡರೆ ಮುಂದಿನ ಬೇಸಿಗೆಯಲ್ಲಿ ಆಚಾರಿಗೆ ಕೊಡಲು ನಿಮ್ಮ ಬಳಿ ಒಂದು ನಕ್ಷೆ ಇರುತ್ತದೆ. ನೀರು ಹಂಚಿನ ಕೆಳಗೆ ಪಕ್ಕಾಸಿನುದ್ದಕ್ಕೆ ಹರಿದು ಬೇರೆ ಕಡೆ ತೊಟ್ಟಿಕ್ಕುವುದರಿಂದ ಹನಿ ಬಿದ್ದಲ್ಲಿಯೇ ತೂತು ಇರುತ್ತದೆ ಎಂದು ನಂಬಬಾರದು.

ನದಿ ಬದಿಯ ಮನೆಯಾದರೆ ನೆರೆಯ ಇತಿಹಾಸವನ್ನೂ ಕೇಳಬೇಕು. ಬಂಟ್ವಾಳದಲ್ಲಿ 1923 ಮತ್ತು 1974ರ ನೇತ್ರಾವತಿ ನೆರೆಯನ್ನು ಹಿರಿಯರು ಇಂದಿಗೂ ಅಳತೆಗೋಲಾಗಿ ಹೇಳುತ್ತಾರೆ. 1974ರಲ್ಲಿ ನೀರು ಯಾವ ಮೆಟ್ಟಿಲ ತನಕ ಬಂದಿತ್ತು ಎಂದು ನೆರೆಮನೆಯವರನ್ನು ಕೇಳಿದರೆ ಉತ್ತರ ಸಿಗುತ್ತದೆ. ಸ್ವಿಚ್ ಬೋರ್ಡು, ಧಾನ್ಯದ ಪತ್ತಾಯ, ಪುಸ್ತಕದ ಕಪಾಟು ಎಲ್ಲವೂ ಆ ಗೆರೆಯ ಮೇಲಿರಲಿ. ಬೆಳ್ತಂಗಡಿಯ ಘಟ್ಟದ ಬುಡದಲ್ಲಿ ಅಪಾಯ ಬೇರೆ ಬಗೆಯದು. 2019ರ ಆಗಸ್ಟಿನಲ್ಲಿ ಚಾರ್ಮಾಡಿ, ದಿಡುಪೆ ಕಡೆ ಹಳ್ಳಗಳು ಮರ, ಮಣ್ಣು, ಬಂಡೆ ಹೊತ್ತುಕೊಂಡೇ ತೋಟಗಳಿಗೆ ನುಗ್ಗಿದ್ದವು. ಗುಡ್ಡ ಕಡಿದು ಕಟ್ಟಿದ ಮನೆಯಾದರೆ ಹಿಂದಿನ ದರೆಯಿಂದ ಇಳಿಯುವ ನೀರಿಗೆ ಕಣಿ ಮಾಡಿಸುವುದು ಮಾಡಿನ ಕೆಲಸಕ್ಕಿಂತಲೂ ಮೊದಲು.

ಮಾಡು

ಹಳೆ ಮನೆಯ ಆಯುಷ್ಯ ಮಾಡಿನಲ್ಲಿದೆ. ಗೋಡೆ ಬಿರುಕು ಬಿಟ್ಟರೂ ಹತ್ತು ವರ್ಷ ನಿಲ್ಲಬಹುದು. ಮಾಡು ಸೋರಿದರೆ ಮಣ್ಣಿನ ಗೋಡೆ ಮೂರು ಮಳೆಗಾಲ ಕಾಣುವುದು ಕಷ್ಟ.

ಮಂಗಳೂರು ಹಂಚಿನ ಉದ್ಯಮ ಹುಟ್ಟಿದ್ದು ಇದೇ ನೇತ್ರಾವತಿಯ ದಂಡೆಯಲ್ಲಿ. 1865ರಲ್ಲಿ ಬಾಸೆಲ್ ಮಿಶನ್ನಿನ ಜಾರ್ಜ್ ಪ್ಲೆಬ್ಸ್ಟ್ ಮಂಗಳೂರಿನ ಜೆಪ್ಪುವಿನಲ್ಲಿ ನದಿಯ ಜೇಡಿಮಣ್ಣಿನಿಂದ ಹಂಚು ತಯಾರಿಸಲು ಆರಂಭಿಸಿದರು. 1868ರಲ್ಲಿ ಆಲ್ಬುಕರ್ಕ್ ಕಾರ್ಖಾನೆ ಬಂತು. ಮೊದಲ ಮಹಾಯುದ್ಧದ ನಂತರ ಮಿಶನ್ನಿನ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟಿನ ಕೈಗೆ ಹೋದವು. ನಿಮ್ಮ ಮಾಡಿನ ಹಂಚನ್ನು ಮಗುಚಿದರೆ ಕಾರ್ಖಾನೆಯ ಹೆಸರು, ಮುದ್ರೆ ಕಾಣುತ್ತದೆ. ಅದರಲ್ಲಿ ಇಸವಿಯಿದ್ದರೆ ಅದು ಸಾಮಾನ್ಯವಾಗಿ ಕಾರ್ಖಾನೆ ಆರಂಭವಾದ ವರ್ಷ, ಹಂಚು ಸುಟ್ಟ ವರ್ಷವಲ್ಲ. 1865 ಎಂದು ಕಂಡ ಮಾತ್ರಕ್ಕೆ ಮನೆ ಅಷ್ಟು ಹಳೆಯದೆಂದು ತೀರ್ಮಾನಿಸಬೇಡಿ. ಮುದ್ರೆಯ ನಿಜವಾದ ಉಪಯೋಗ ಬೇರೆ ಇದೆ. ಒಂದೊಂದು ಕಾರ್ಖಾನೆಯ ಹಂಚಿನ ಅಳತೆಯಲ್ಲಿ, ಕಚ್ಚುವ ಗೆರೆಯಲ್ಲಿ ಕೂದಲೆಳೆಯ ವ್ಯತ್ಯಾಸವಿರುತ್ತದೆ. ಬೇರೆ ಬೇರೆ ಹಂಚನ್ನು ಒಂದೇ ಸಾಲಿನಲ್ಲಿ ಬೆರೆಸಿದರೆ ಅವು ಸರಿಯಾಗಿ ಕೂರದೆ ಗಾಳಿಮಳೆಗೆ ಸೋರುತ್ತವೆ. ಆದ್ದರಿಂದ ಇಳಿಸಿದ ಹಂಚುಗಳನ್ನು ಮುದ್ರೆಯ ಪ್ರಕಾರ ಬೇರ್ಪಡಿಸಿ, ಮಾಡಿನ ಒಂದು ಮುಖಕ್ಕೆ ಒಂದೇ ಕಾರ್ಖಾನೆಯ ಹಂಚು ಬರುವಂತೆ ಹೊದೆಸಬೇಕು. ಬೆರಳಗಂಟಿನಿಂದ ಕುಟ್ಟಿದಾಗ ಕಣಕಣ ಎಂದರೆ ಹಂಚು ಗಟ್ಟಿ, ಮಂಕು ಸದ್ದು ಬಂದರೆ ಬಿರುಕಿದೆ.

ನೂರು ಚದರಡಿ ಮಾಡಿಗೆ ಸುಮಾರು 150 ಹಂಚು ಬೇಕು. ಒಂದೊಂದರ ತೂಕ ಎರಡೂವರೆ ಕಿಲೋ ಆಸುಪಾಸು, ಮಳೆಯಲ್ಲಿ ನೆನೆದಾಗ ಇನ್ನೂ ಹೆಚ್ಚು. 1500 ಚದರಡಿ ಮಾಡಿನ ಮೇಲೆ ಐದೂವರೆ ಟನ್ನಿಗೂ ಮಿಕ್ಕಿದ ಭಾರ ಕುಳಿತಿದೆ ಎಂದಾಯಿತು. ಆ ಭಾರ ಪಕ್ಕಾಸಿನ ಬುಡದಲ್ಲಿ ಗೋಡೆಗಳನ್ನು ಹೊರಕ್ಕೆ ತಳ್ಳುತ್ತದೆ. ಅಡ್ಡಕ್ಕೆ ಹಾಕಿದ ತೊಲೆಗಳು ಎರಡೂ ಗೋಡೆಗಳನ್ನು ಹಿಡಿದಿರುತ್ತವೆ. ಚಾವಡಿ ಎತ್ತರವಾಗಿ, ಬಯಲಾಗಿ ಕಾಣಲಿ ಎಂದು ಈ ತೊಲೆಗಳನ್ನು ಕತ್ತರಿಸುವ ಚಾಳಿ ಇತ್ತೀಚೆಗೆ ಹೆಚ್ಚಿದೆ. ದಯವಿಟ್ಟು ಮಾಡಬೇಡಿ. ಕತ್ತರಿಸಿದ ವರ್ಷ ಏನೂ ಆಗುವುದಿಲ್ಲ. ಗೋಡೆ ನಿಧಾನವಾಗಿ ಹೊರಕ್ಕೆ ವಾಲುತ್ತದೆ, ನೆತ್ತಿ ಕುಸಿಯುತ್ತದೆ.

ಹಂಚು ಇಳಿಸುವುದು ನೆತ್ತಿಯಿಂದ, ಹೊದೆಸುವುದು ಸೂರಿನಿಂದ. ರೀಪುಗಳ (ಹಂಚು ಕೂರುವ ಅಡ್ಡಪಟ್ಟಿಗಳ) ಅಂತರ ಸುಮಾರು ಒಂದಡಿ; ಖಚಿತ ಅಳತೆಯನ್ನು ನಿಮ್ಮದೇ ಹಂಚನ್ನು ಜೋಡಿಸಿ ತೆಗೆಯಬೇಕು, ಅಂಗಡಿಯವರ ಮಾತಿನಿಂದಲ್ಲ. ಮರದ ಬದಲು ಕಬ್ಬಿಣದ ಪಕ್ಕಾಸು ಹಾಕುವವರು ಖರ್ಚು ಉಳಿಸಲು ಮಾಡಿನ ಇಳಿಜಾರನ್ನು ತಗ್ಗಿಸುತ್ತಾರೆ. ಇಳಿಜಾರು ತಗ್ಗಿದರೆ ಗಾಳಿ ಹಂಚಿನ ಕೆಳಕ್ಕೆ ನೀರು ನುಗ್ಗಿಸುತ್ತದೆ. ಹಳಬರು ಕೊಟ್ಟ ಕೋನವನ್ನೇ ಉಳಿಸಿಕೊಳ್ಳಿ. 1430ರಲ್ಲಿ ಕಟ್ಟಲಾರಂಭಿಸಿದ ಮೂಡುಬಿದಿರೆಯ ಸಾವಿರ ಕಂಬದ ಬಸದಿಯಲ್ಲೂ ಕಲ್ಲಿನ ಚಪ್ಪಡಿಗಳನ್ನು ಮರದ ಮಾಡಿನಂತೆ ಇಳಿಜಾರಾಗಿಯೇ ಹೊದೆಸಿದ್ದಾರೆ. ಈ ಸೀಮೆಯ ಮಳೆಗೆ ಕಲ್ಲು, ಮರ, ಹಂಚು ಯಾವುದಾದರೂ ಇಳಿಜಾರೇ ದಾರಿ.

ಎರಡು ಮಾಡು ಸೇರುವ ಮೂಲೆ ಅತಿ ಹೆಚ್ಚು ಸೋರುವ ಜಾಗ. ಹಿಂದೆ ಅಲ್ಲಿ ಅಡಿಕೆ ದಂಬೆ ಇಡುತ್ತಿದ್ದರು, ಈಗ ತಗಡು. ತಗಡು ಅಗಲವಿರಲಿ, ಕಸ ತುಂಬಿ ನೀರು ಉಕ್ಕುವುದೇ ಅಲ್ಲಿನ ಕಾಯಿಲೆ, ಆದ್ದರಿಂದ ಕೈಯಾಡಿಸಲು ಬರುವಂತಿರಲಿ. ಕತ್ತಲೆ ಕೋಣೆಗಳಿಗೆ ಅಲ್ಲಲ್ಲಿ ಗಾಜಿನ ಹಂಚು ಹಾಕಿದರೆ ಗೋಡೆ ಒಡೆದು ಕಿಟಕಿ ಇಡುವ ಪ್ರಸಂಗವೇ ಬರುವುದಿಲ್ಲ. ಘಟ್ಟದ ಬದಿಯ ಊರುಗಳಲ್ಲಿ ಮಂಗಗಳು ಹಂಚು ಎಬ್ಬಿಸಿ ಒಡೆಯುತ್ತವೆ. ಹೆಚ್ಚುವರಿ ನೂರಿನ್ನೂರು ಹಂಚನ್ನು ಹಟ್ಟಿಯಲ್ಲಿ ಅಡುಕಿಟ್ಟುಕೊಳ್ಳದೆ ಅಲ್ಲಿ ಹಂಚಿನ ಮನೆಯಲ್ಲಿ ಬಾಳುವುದು ಕಷ್ಟ. ಎಷ್ಟೋ ಹಂಚಿನ ಕಾರ್ಖಾನೆಗಳು ಮುಚ್ಚಿರುವ ಈ ಕಾಲದಲ್ಲಿ ಕೆಡವಿದ ಮನೆಗಳ ಹಂಚೇ ಒಳ್ಳೆಯ ಮೂಲ.

ಈ ಕೆಲಸಗಳೆಲ್ಲ ಪತ್ತನಾಜೆಯೊಳಗೆ, ಅಂದರೆ ಮೇ ತಿಂಗಳ 24ರ ಸುಮಾರಿಗೆ ಮುಗಿಯಬೇಕು. ಕೋಲಗಳು ನಿಲ್ಲುವ, ಯಕ್ಷಗಾನ ಮೇಳಗಳು ತಿರುಗಾಟ ಮುಗಿಸುವ ದಿನಕ್ಕೆ ಮಾಡೂ ಮುಚ್ಚಿರಬೇಕು. ಜನವರಿಯಲ್ಲಿ ಶುರು ಮಾಡಿದರೆ ಮಾತ್ರ ಅದು ಸಾಧ್ಯ.

ಮರ, ಗೆದ್ದಲು, ಕುಟ್ಟೆ

ಹಳೆಯ ಮಾಡುಗಳಲ್ಲಿ ಹಲಸು, ಹೆಬ್ಬಲಸು, ಕಿರಾಲುಬೋಗಿ, ಸಾಗುವಾನಿ, ತಾಳೆ, ಬೈನೆ ಹೀಗೆ ಅವರವರ ತಾಕತ್ತಿಗೆ ತಕ್ಕ ಮರಗಳಿರುತ್ತವೆ. ಹೊರಗಿನಿಂದ ಕಪ್ಪಾಗಿ ಕಂಡ ಮರವೆಲ್ಲ ಹಾಳಾಗಿಲ್ಲ. ಸುತ್ತಿಗೆಯಿಂದ ತಟ್ಟಿ, ಸ್ಕ್ರೂಡ್ರೈವರಿನ ತುದಿಯಿಂದ ಚುಚ್ಚಿ ನೋಡಬೇಕು. ಗೋಡೆಯೊಳಗೆ ಹುದುಗಿದ ತೊಲೆಯ ತುದಿ ಮತ್ತು ಸೂರಿನ ಕಡೆಯ ಪಕ್ಕಾಸಿನ ತುದಿ ಮೊದಲು ಕೊಳೆಯುತ್ತವೆ. ತುದಿ ಮಾತ್ರ ಹೋಗಿದ್ದರೆ ಒಳ್ಳೆಯ ಆಚಾರಿ ಅಷ್ಟನ್ನೇ ಕತ್ತರಿಸಿ ಹೊಸ ಮರ ಕೂಡಿಸಿ ಕೊಡುತ್ತಾರೆ. ಇಡೀ ಪಕ್ಕಾಸು ಬದಲಿಸಬೇಕೆನ್ನುವವರ ಮಾತನ್ನು ಇನ್ನೊಬ್ಬರಲ್ಲಿ ವಿಚಾರಿಸಿ. ತೋಟದಲ್ಲಿರುವ ಸಾಗುವಾನಿ, ಬೀಟೆ ಕಡಿಯುವುದಾದರೆ ಅರಣ್ಯ ಇಲಾಖೆಯ ಅನುಮತಿ ಬೇಕು. ಸ್ವಂತ ಜಾಗದ ಮರವೆಂಬ ಸಮಾಧಾನ ಅಲ್ಲಿ ನಡೆಯುವುದಿಲ್ಲ.

ಹೊಸದಾಗಿ ಕೊಂಡವರಿಗೆ ಗೊತ್ತಿರದ ಒಂದು ಸಂಗತಿ ಹೊಗೆಯದು. ಸೌದೆ ಒಲೆಯ ಹೊಗೆ ಅಟ್ಟದ ಮರಕ್ಕೂ ರೀಪಿಗೂ ದಶಕಗಳ ಕಾಲ ಕಾವಲಾಗಿತ್ತು; ಹುಳ ಹತ್ತಿರ ಸುಳಿಯುತ್ತಿರಲಿಲ್ಲ. ಗ್ಯಾಸ್ ಬಂದು, ಒಲೆ ನಿಂತು, ಮನೆ ಕೆಲವು ವರ್ಷ ಬೀಗ ಹಾಕಿಕೊಂಡಿದ್ದರೆ ಅಡುಗೆಮನೆಯ ಮೇಲಿನ ಮರಕ್ಕೆ ಕುಟ್ಟೆ ಹಿಡಿದಿರುವ ಸಂಭವ ಹೆಚ್ಚು. ನೆಲದ ಮೇಲೆ ಹಿಟ್ಟಿನಂಥ ಪುಡಿ ಬಿದ್ದಿದ್ದರೆ ಹುಳ ಇನ್ನೂ ಕೆಲಸದಲ್ಲಿದೆ. ಮರವನ್ನು ಉಜ್ಜಿ ಒಣಗಿಸಿ ಗೇರು ಎಣ್ಣೆ ಬಳಿಯುವುದು ಈ ಕಡೆಯ ರೂಢಿ. ಅದು ಚರ್ಮ ಸುಡುತ್ತದೆ, ಕೈಗವಸು ಕಡ್ಡಾಯ. ಬಚ್ಚಲಿನ ಹಂಡೆ ಒಲೆಯನ್ನಾದರೂ ಉಳಿಸಿಕೊಂಡವರ ಮನೆಯ ಹಿಂಬದಿಯ ಮಾಡು ಹೆಚ್ಚು ಬಾಳುವುದನ್ನು ಕಾಣಬಹುದು.

ಗೆದ್ದಲಿಗೆ ಮಣ್ಣಿನೊಳಗೆ ಔಷಧ ಇಳಿಸುವ ಕಂಪನಿಯವರನ್ನು ಕರೆಯುವ ಮೊದಲು ಬಾವಿ ಎಷ್ಟು ದೂರವಿದೆ ನೋಡಿ. ಮುರಕಲ್ಲಿನ ನೆಲ ತೂತುತೂತಾದದ್ದು, ಸುರಿದದ್ದು ಬಾವಿಗೆ ತಲುಪಲು ಹೆಚ್ಚು ಹೊತ್ತು ಬೇಕಿಲ್ಲ. ಬಾವಿ ಪಕ್ಕದಲ್ಲೇ ಇದ್ದರೆ ಮಣ್ಣಿನ ಔಷಧ ಬಿಟ್ಟು, ಗೆದ್ದಲಿನ ಮಣ್ಣಿನ ದಾರಿಯನ್ನು ವಾರಕ್ಕೊಮ್ಮೆ ಕೆರೆದು ತೆಗೆಯುವುದು, ಗೋಡೆಗೆ ತಾಗಿಸಿ ಇಟ್ಟ ಸೌದೆ, ಮಡಲು, ತೆಂಗಿನ ಸಿಪ್ಪೆ ತೆರವು ಮಾಡುವುದು, ಮರಕ್ಕಷ್ಟೇ ಔಷಧ ಬಳಿಯುವುದು ಉತ್ತಮ.

ಗೋಡೆ

ಮುರಕಲ್ಲು ನೆಲದಿಂದ ಕಡಿದಾಗ ಮೆದು, ಗಾಳಿಬಿಸಿಲಿಗೆ ಒಡ್ಡಿದಾಗ ಗಟ್ಟಿ. 1801ರಲ್ಲಿ ಈ ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ತನ್ನ 1807ರ ಪ್ರವಾಸ ಗ್ರಂಥದಲ್ಲಿ ಇದಕ್ಕೆ ಲ್ಯಾಟರೈಟ್ ಎಂಬ ಹೆಸರು ಕೊಟ್ಟ. ಕಟ್ಟಡಕ್ಕೆ ಬಳಸುವ ಮುರಕಲ್ಲು ತನ್ನ ತೂಕದ ಶೇಕಡಾ 12ಕ್ಕಿಂತ ಹೆಚ್ಚು ನೀರು ಹೀರಬಾರದೆಂದು ಭಾರತೀಯ ಮಾನಕ ಹೇಳುತ್ತದೆ. ಹೀರುವುದೇ ಇದರ ಗುಣ. ಹೀರಿದ್ದನ್ನು ಮತ್ತೆ ಬಿಡಲು ಅವಕಾಶ ಕೊಡಬೇಕು.

ಹಳೆಯ ಗೋಡೆಗಳಲ್ಲಿ ಕಲ್ಲುಗಳನ್ನು ಮಣ್ಣಿನಲ್ಲೋ ಸುಣ್ಣದ ಗಾರೆಯಲ್ಲೋ ಕೂರಿಸಿದ್ದಾರೆ, ಮೇಲೆ ಸುಣ್ಣದ ಲೇಪ. ಇದರ ಮೇಲೆ ಸಿಮೆಂಟು ಬಳಿದರೆ ಗೋಡೆಯೊಳಗಿನ ತೇವಕ್ಕೆ ಹೊರಹೋಗುವ ದಾರಿ ಮುಚ್ಚುತ್ತದೆ. ಎರಡು ಮಳೆಗಾಲ ಕಳೆಯುವಾಗ ಸಿಮೆಂಟು ಹಪ್ಪಳದಂತೆ ಎದ್ದು ಬರುತ್ತದೆ, ಬರುವಾಗ ಕಲ್ಲಿನ ಮುಖವನ್ನೂ ಕಿತ್ತು ತರುತ್ತದೆ. ಸಡಿಲಾದ ಸಂದುಗಳನ್ನು ಒಂದಿಂಚು ಆಳ ಕೆರೆದು, ನೀರು ಚಿಮುಕಿಸಿ, ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ಹೊಯಿಗೆ ಬೆರೆಸಿದ ಗಾರೆ ತುಂಬುವುದು ಸರಿಯಾದ ಕ್ರಮ. ಹಿಂದೆ ಚಿಪ್ಪಿನ ಸುಣ್ಣಕ್ಕೆ ಬೆಲ್ಲದ ನೀರು ಸೇರಿಸುತ್ತಿದ್ದರು. ಸುಣ್ಣ ಗಟ್ಟಿಯಾಗಲು ವಾರಗಳು ಬೇಕು. ಮೂರು ದಿನದಲ್ಲಿ ಮುಗಿಸುತ್ತೇನೆನ್ನುವ ಮೇಸ್ತ್ರಿಗೆ ಆ ಕೆಲಸ ಕೊಡಬೇಡಿ. ಮಣ್ಣಿನ ಗೋಡೆಯಾದರೆ ಮಣ್ಣಿನ ಲೇಪವೇ ಆಗಬೇಕು.

ಬುಡದ ಎರಡಡಿ ಗೋಡೆ ಹಾಳಾಗಲು ಮುಖ್ಯ ಕಾರಣ ಎರಚಲು. ಸೂರಿನಿಂದ ಬಿದ್ದ ನೀರು ಅಂಗಳದಿಂದ ಪುಟಿದು ಗೋಡೆಗೆ ಬಡಿಯುತ್ತದೆ. ಹಿಂದೆ ಮಳೆಗಾಲಕ್ಕೆ ಮಡಲಿನ ತಟ್ಟಿ ಕಟ್ಟುತ್ತಿದ್ದುದು ಇದಕ್ಕಾಗಿಯೇ. ಸೂರಿಗೆ ಪೈಪಿನ ದಂಬೆ, ನೀರು ಬೀಳುವಲ್ಲಿ ಜಲ್ಲಿಯ ಪಟ್ಟಿ, ಅದರಾಚೆ ಕಣಿ, ಇಷ್ಟಾದರೆ ಗೋಡೆಯ ಅರ್ಧ ಸಮಸ್ಯೆ ಗೋಡೆ ಮುಟ್ಟದೆಯೇ ಮುಗಿಯುತ್ತದೆ. ವರ್ಷಗಳಿಂದ ಗೋಡೆಗೆ ಒತ್ತಿಕೊಂಡು ಏರಿದ ಅಂಗಳದ ಮಣ್ಣನ್ನು ಪಂಚಾಂಗದ (ಅಡಿಪಾಯದ) ಕಲ್ಲು ಕಾಣುವ ತನಕ ತಗ್ಗಿಸಬೇಕು.

ನೆಲ

ಕಾವಿ ನೆಲ, ಅಂದರೆ ರೆಡ್ ಆಕ್ಸೈಡ್ ನೆಲ, ಇದ್ದರೆ ಅದೊಂದು ಆಸ್ತಿ. ಬಿರುಕುಗಳಿಗೆ ಅದೇ ಬಣ್ಣದ ಸಿಮೆಂಟು ತುಂಬಿ, ಉಜ್ಜಿ, ತೆಂಗಿನೆಣ್ಣೆ ಸವರಿ ಒರೆಸುತ್ತ ಬಂದರೆ ಮತ್ತೆ ಹೊಳೆಯುತ್ತದೆ. ಇದರ ಮೇಲೆ ವಿಟ್ರಿಫೈಡ್ ಟೈಲ್ಸ್ ಹಾಕಿದರೆ ಬಾಗಿಲುಗಳು ಉಜ್ಜುತ್ತವೆ, ಹೊಸ್ತಿಲು ಹೂತುಹೋಗುತ್ತದೆ, ನೆಲದಿಂದ ಏಳುವ ತೇವ ದಾರಿ ಸಿಗದೆ ಗೋಡೆ ಹತ್ತುತ್ತದೆ. ಸೆಗಣಿ ಸಾರಿಸುವ ನೆಲವನ್ನು ಬದಲಿಸಲೇಬೇಕೆಂದರೆ ಸುಟ್ಟ ಮಣ್ಣಿನ ನೆಲಹಂಚು ಈ ಮನೆಗಳಿಗೆ ಹೊಂದುತ್ತದೆ.

ಬಾವಿ, ಸುರಂಗ, ಶೌಚಗುಂಡಿ

ಬಾವಿಯನ್ನು ನೋಡಬೇಕಾದದ್ದು ಏಪ್ರಿಲ್, ಮೇ ತಿಂಗಳಲ್ಲಿ. ಅಕ್ಟೋಬರಿನಲ್ಲಿ ಎಲ್ಲ ಬಾವಿಗಳೂ ತುಂಬಿರುತ್ತವೆ. ಹಳೆ ಮನೆಗೆ ಒಳಗೆ ಶೌಚಾಲಯ ಮಾಡಿಸುವಾಗ ಇಂಗುಗುಂಡಿ ಬಾವಿಯಿಂದ ಕನಿಷ್ಠ 18 ಮೀಟರ್ ದೂರ, ಸಾಧ್ಯವಾದರೆ ಇನ್ನೂ ದೂರ, ಬಾವಿಗಿಂತ ತಗ್ಗಿನಲ್ಲಿ ಇರಬೇಕು. ನೆರೆಮನೆಯವರ ಬಾವಿಯಿಂದಲೂ ಅಷ್ಟೇ ದೂರ.

ಬಂಟ್ವಾಳ ತಾಲೂಕಿನ ವಿಟ್ಲ, ಅಡ್ಯನಡ್ಕ, ಮಾಣಿಲ ಕಡೆ ನೀರಿನ ಮೂಲ ಬಾವಿಯೇ ಆಗಿರಬೇಕಿಲ್ಲ. ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗದಿಂದ ಹರಿದು ಬರುವ ನೀರು ಮನೆ, ತೋಟ ಎರಡನ್ನೂ ನಡೆಸುತ್ತದೆ. ಕೇಪು ಗ್ರಾಮದ ಅಮೈ ಮಹಾಲಿಂಗ ನಾಯ್ಕರು ಬೋಳುಗುಡ್ಡದಲ್ಲಿ ಒಬ್ಬರೇ ಸುರಂಗಗಳನ್ನು ಕೊರೆದು ನೀರು ತರಿಸಿ ತೋಟ ಎಬ್ಬಿಸಿದರು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಕೊಂಡ ಜಾಗದಲ್ಲಿ ಹೂಳು ತುಂಬಿದ ಸುರಂಗವಿದ್ದರೆ ಮುಚ್ಚಿಸಬೇಡಿ. ಬಲ್ಲವರಿಂದ ಹೂಳು ತೆಗೆಸಿ, ಕೊಳವೆಬಾವಿಯ ಖರ್ಚೇ ಉಳಿಯಬಹುದು.

ವಯರಿಂಗು

ಮರದ ಪಟ್ಟಿಯೊಳಗಿನ ಹಳೆಯ ವಯರುಗಳನ್ನು ಪೂರ್ತಿ ತೆಗೆಸಬೇಕು. ಇದರಲ್ಲಿ ಅರ್ಧಂಬರ್ಧ ಕೆಲಸ ಬೇಡ. ಹೊಸ ವಯರಿಗೆ ಮುರಕಲ್ಲಿನ ಗೋಡೆ ಕೊರೆಯುವ ಬದಲು ಮೇಲ್ಮೈಯಲ್ಲಿ ಪೈಪು ಓಡಿಸಿದರೆ ಗೋಡೆ ಉಳಿಯುತ್ತದೆ. ಮಳೆಗಾಲದ ಹಿಂದುಮುಂದು ಇಲ್ಲಿ ಸಿಡಿಲು ಜೋರು, ಮುರಕಲ್ಲಿನ ಒಣ ಗುಡ್ಡದಲ್ಲಿ ಅರ್ತಿಂಗ್ ಸರಿಯಾಗಿ ಹಿಡಿಯುವುದೂ ಇಲ್ಲ. ಅರ್ತಿಂಗ್ ಅಳೆಸಿ ನೋಡಿ, 30 ಮಿಲಿಆಂಪಿಯರಿನ ಆರ್‌ಸಿಸಿಬಿ ಹಾಕಿಸಿ, ಆಮೇಲೆ ಮೆಸ್ಕಾಂನಿಂದ ಲೋಡು ಹೆಚ್ಚಿಸಿಕೊಳ್ಳಿ.

ನಾಗಬನ, ದೈವದ ಕೋಣೆ

ತುಳುನಾಡಿನ ಹಳೆಯ ಜಾಗ ಕೊಂಡವರು ಮಣ್ಣಿನ ಜೊತೆಗೆ ಕೆಲವು ಹೊಣೆಗಳನ್ನೂ ಕೊಂಡಿರುತ್ತಾರೆ. ತೋಟದ ಮೂಲೆಯಲ್ಲಿ ನಾಗಬನ, ಚಾವಡಿಯಲ್ಲಿ ದೈವದ ಉಯ್ಯಾಲೆ ಅಥವಾ ಮಂಚ, ಅಂಗಳದಾಚೆ ಒಂದು ಕಟ್ಟೆ ಇರಬಹುದು. ಮಾರುವವರಲ್ಲಿ ಮೊದಲೇ ಕೇಳಬೇಕಾದ ಪ್ರಶ್ನೆಗಳಿವೆ: ವರ್ಷಕ್ಕೊಮ್ಮೆ ತಂಬಿಲ ಸೇವೆ ಯಾರು ಕೊಡುತ್ತಿದ್ದರು, ಯಾವ ಕುಟುಂಬದವರು ಬರುತ್ತಾರೆ, ದೈವದ ಭಂಡಾರವನ್ನು ಅವರು ಒಯ್ಯುತ್ತಾರೋ ಇಲ್ಲೇ ಬಿಡುತ್ತಾರೋ, ಬನಕ್ಕೆ ದಾರಿ ಯಾವುದು. ಕೊಂಡವರು ಬೇರೆ ಮತದವರಾದರೂ, ನಂಬಿಕೆ ಇಲ್ಲದವರಾದರೂ ದಾರಿ ಬಿಟ್ಟುಕೊಟ್ಟು ಬನವನ್ನು ಹಾಗೆಯೇ ಉಳಿಸಿದರೆ ಊರಿನೊಂದಿಗಿನ ಸಂಬಂಧ ಚೆನ್ನಾಗಿರುತ್ತದೆ. ಮರ ಕಡಿಯದೆ ಬಿಟ್ಟ ಆ ಕಾಡಿನ ತುಂಡು ಬಾವಿಯ ನೀರಿಗೂ ಒಳ್ಳೆಯದು. ದೈವದ ಕೋಣೆಯನ್ನು ಬೇರೆ ಕೆಲಸಕ್ಕೆ ಬಳಸುವುದಾದರೆ ಹಿಂದಿನ ಕುಟುಂಬದ ಹಿರಿಯರನ್ನು ಕರೆದು, ಅವರು ಹೇಳಿದ ಕ್ರಮದಲ್ಲಿ ಬಿಡಿಸಿಕೊಳ್ಳುವುದು ಮರ್ಯಾದೆ.

ಅಟ್ಟದ ಮೇಲಿನ ಸಾಮಾನು

ಮನೆಯ ಜೊತೆಗೆ ಸಾಮಾನೂ ಬರುತ್ತದೆ: ಪತ್ತಾಯ, ಕಳಸಿಗೆ, ಸೇರು, ತಾಮ್ರದ ಹಂಡೆ, ಭರಣಿ, ಕಡೆಯುವ ಕಲ್ಲು, ಕಲ್ಲಿನ ಮರಿಗೆ, ತೊಟ್ಟಿಲು, ಹಳೆ ಕಡತದ ಕಟ್ಟುಗಳು. ಗುಜರಿಯವರಿಗೆ ಒಟ್ಟಿಗೆ ಕೊಡುವ ಮುನ್ನ ಎಲ್ಲವನ್ನೂ ಅಂಗಳಕ್ಕೆ ಇಳಿಸಿ ಬಿಸಿಲಿಗೆ ಹಾಕಿ, ಮಾರಿದವರ ಮನೆಯ ಹಿರಿಯರೊಬ್ಬರನ್ನು ಕರೆಸಿ. ಅವರಿಗೆ ಬೇಕಾದ ತೊಟ್ಟಿಲು, ಫೋಟೋ, ಜಾತಕ ಅವರಿಗೇ ಹೋಗಲಿ. ಪತ್ತಾಯಕ್ಕೆ ಹಲಗೆ ಬಡಿಸಿದರೆ ಹಾಸಿಗೆ, ಕಂಬಳಿ ಇಡುವ ಒಳ್ಳೆಯ ಪೆಟ್ಟಿಗೆಯಾಗುತ್ತದೆ. ಮರಿಗೆಯನ್ನು ಬಾವಿಕಟ್ಟೆಯ ಬದಿಗಿಟ್ಟರೆ ಕಾಲು ತೊಳೆಯಲು ಆಗುತ್ತದೆ. ನಿಮಗೆ ಬೇಡದ, ಗುಜರಿಗೆ ಕೊಡಲು ಮನಸ್ಸಾಗದ ವಸ್ತುಗಳ ಬೆಲೆ ತಿಳಿಯಲು ಬಿ.ಸಿ. ರೋಡಿನಲ್ಲಿ ಪ್ರೊ. ತುಕಾರಾಮ ಪೂಜಾರಿಯವರು ಕಟ್ಟಿದ ತುಳು ಬದುಕು ವಸ್ತು ಸಂಗ್ರಹಾಲಯವನ್ನು, ಧರ್ಮಸ್ಥಳದ ಮಂಜೂಷಾ ಸಂಗ್ರಹಾಲಯವನ್ನು ನೋಡಿ. ನೀವು ಎಸೆಯಲು ಹೊರಟದ್ದು ಅಲ್ಲಿ ಹೆಸರು, ಉಪಯೋಗ ಸಹಿತ ಕುಳಿತಿರುತ್ತದೆ.

ತಾಳೆಗರಿ ಸಿಕ್ಕಿದರೆ ಎಣ್ಣೆ ಹಚ್ಚಿ ಒರೆಸುವ ಸಾಹಸ ಬೇಡ. ತಾಳೆಗರಿಗಳನ್ನು ಶತಮಾನಗಳಿಂದ ಕಾಪಾಡಿಕೊಂಡು ಬಂದ ಊರು ಮೂಡುಬಿದಿರೆ. ಅಲ್ಲಿನ ರಮಾರಾಣಿ ಜೈನ ಶೋಧ ಸಂಸ್ಥಾನದಂಥ ಕಡೆ ತೋರಿಸುವುದು ಕ್ಷೇಮ. 1972ರ ಪ್ರಾಚ್ಯವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಶಿಲ್ಪ, ಕಲಾಕೃತಿ, ಎಪ್ಪತ್ತೈದು ವರ್ಷ ದಾಟಿದ ಮಹತ್ವದ ಹಸ್ತಪ್ರತಿ ಪ್ರಾಚ್ಯವಸ್ತುಗಳೆನಿಸುತ್ತವೆ. ವಿಗ್ರಹ, ಕೆತ್ತನೆಯನ್ನು ಮಾರುವ ಮೊದಲು ಇದನ್ನು ಗಮನಿಸಬೇಕು. ನೆಲ ಅಗೆಯುವಾಗ ನಾಣ್ಯದ ಚೆಂಬು ಸಿಕ್ಕಿದರೆ ನಿಧಿ ಕಾಯ್ದೆ ಅನ್ವಯಿಸುತ್ತದೆ: ಅದನ್ನು ಜಿಲ್ಲಾಧಿಕಾರಿಗೆ ತಿಳಿಸಲೇಬೇಕು.

ಜೋಡಿಸಿಡುವುದು

ನಾಲ್ಕು ತಿಂಗಳ ತೇವದಲ್ಲಿ ಚಪ್ಪಲಿ, ಬೆಲ್ಟು, ರೇಷ್ಮೆ ಸೀರೆ, ಪುಸ್ತಕ ಎಲ್ಲಕ್ಕೂ ಬೂಷ್ಟು ಹಿಡಿಯುವ ಊರಿದು. ಹಾಗಾಗಿ ಕಪಾಟು ಎಲ್ಲಿರಬೇಕೆಂಬುದನ್ನು ಅಂದ ನೋಡಿ ನಿರ್ಧರಿಸಲಾಗದು. ಪಡುವಣದ ಮತ್ತು ತೆಂಕಣದ ಹೊರಗೋಡೆಗೆ ಮಳೆ ನೇರ ಬಡಿಯುತ್ತದೆ. ಆ ಗೋಡೆಗಳಿಗೆ ಕಪಾಟು ತಾಗಿಸಬಾರದು. ಎರಡು ಕೋಣೆಗಳ ನಡುವಿನ ಗೋಡೆಗೆ, ನಾಲ್ಕಿಂಚು ಬಿಟ್ಟು, ಕಾಲುಗಳ ಮೇಲೆ ನಿಲ್ಲಿಸಬೇಕು. ಅಗ್ಗದ ಪಾರ್ಟಿಕಲ್ ಬೋರ್ಡು ಮೊದಲ ಆಟಿಯಲ್ಲೇ ಉಬ್ಬುತ್ತದೆ. ಪ್ಲೈವುಡ್ ಬೇಕೆಂದರೆ ಐಎಸ್ 710 ಮುದ್ರೆಯ ಮೆರೈನ್ ಪ್ಲೈ ಕೇಳಿ. ನನ್ನ ಮಟ್ಟಿಗೆ ಮನೆಯಲ್ಲಿಯೇ ಉಳಿದ ಹಳೆ ಹಲಗೆಗಳಿಂದ ಬಾಗಿಲಿಲ್ಲದ, ಗಾಳಿಯಾಡುವ ಗೂಡುಗಳನ್ನು ಮಾಡಿಸುವುದೇ ಉತ್ತಮ.

ಅಡುಗೆಮನೆಯಲ್ಲಿ ಹೊಗೆಗೂಡು ಇದ್ದರೆ ಮುಚ್ಚಬೇಡಿ, ಗ್ಯಾಸ್ ಒಲೆಯ ಆವಿಯೂ ಅದರಲ್ಲೇ ಏರುತ್ತದೆ. ಉಪ್ಪಿನಕಾಯಿ ಭರಣಿ, ಹಪ್ಪಳ ಸಂಡಿಗೆಯ ಡಬ್ಬಿ ಒಲೆಯ ಬದಿಯ ಬೆಚ್ಚಗಿನ ಗೋಡೆಗೆ, ಅಕ್ಕಿ ನೆಲದಿಂದ ಎತ್ತರದಲ್ಲಿ. ಅಟ್ಟದ ಮೇಲೆ ಹೊಸದಾಗಿ ಸಾಮಾನು ಹೇರುವ ಮೊದಲು ಹಲಗೆ ಬಲ ನೋಡಬೇಕು. ಅಡಿಕೆ ಹಾಕುತ್ತಿದ್ದ ಅಟ್ಟ ಪುಸ್ತಕದ ಪೆಟ್ಟಿಗೆಗಳ ಭಾರ ತಾಳುತ್ತದೆಂದು ಹೇಳಲಾಗದು.

ಕೆಲಸದವರು, ಹಣ

ಹೊಸ ಮನೆಗೆ ನಡೆಯುವ ಚದರಡಿ ದರದ ಗುತ್ತಿಗೆ ಹಳೆ ಮನೆಗೆ ಹೊಂದುವುದಿಲ್ಲ. ಹಂಚು ಇಳಿಸಿದ ಮೇಲಷ್ಟೇ ಮರದ ಸ್ಥಿತಿ ಗೊತ್ತಾಗುತ್ತದೆ, ಲೇಪ ಕೆರೆದ ಮೇಲಷ್ಟೇ ಗೋಡೆಯದು. ಮಾಡು, ಗೋಡೆ, ನೆಲ ಎಂದು ಹಂತ ಮಾಡಿ, ಒಂದು ಹಂತ ಮುಗಿದ ಮೇಲೆ ಮುಂದಿನದಕ್ಕೆ ಮಾತಾಡಬೇಕು. ಅಂದಾಜಿನ ಮೇಲೆ ಮೂರನೇ ಒಂದು ಭಾಗ ಹೆಚ್ಚು ಹಣ ಕೈಯಲ್ಲಿರಲಿ. ಸುಣ್ಣದ ಗಾರೆ, ಮರದ ಕೂಡಿಕೆ ಬಲ್ಲವರನ್ನು ಹುಡುಕಲು ಬಸದಿ, ದೇವಸ್ಥಾನಗಳ ಜೀರ್ಣೋದ್ಧಾರ ನಡೆಯುವಲ್ಲಿ ವಿಚಾರಿಸಿ. ಧರ್ಮಸ್ಥಳ ಮಂಜುನಾಥೇಶ್ವರ ಧರ್ಮೋತ್ಥಾನ ಟ್ರಸ್ಟ್ ರಾಜ್ಯದಲ್ಲಿ ಇನ್ನೂರಕ್ಕೂ ಹೆಚ್ಚು ಹಳೆಯ ದೇಗುಲಗಳ ದುರಸ್ತಿ ಮಾಡಿಸಿದೆ. ಅಂಥ ಕೆಲಸದಲ್ಲಿ ಪಳಗಿದ ಕೈಗಳಿಗೆ ಹಳೆಯ ಗೋಡೆಯ ಸ್ವಭಾವ ತಿಳಿದಿರುತ್ತದೆ. ನವರಾತ್ರಿಯ ಹೊತ್ತಿಗೆ ಅವರೊಂದಿಗೆ ಮಾತು ಮುಗಿಸಿ ಮುಂಗಡ ಕೊಟ್ಟಿಟ್ಟರೆ ಜನವರಿಯಲ್ಲಿ ಬರುತ್ತಾರೆ. ಮಾರ್ಚಿನಲ್ಲಿ ಕೇಳಿದರೆ ಬ್ರಹ್ಮಕಲಶ, ನೇಮ, ಮದುವೆಗಳ ನಡುವೆ ಯಾರೂ ಸಿಗುವುದಿಲ್ಲ.